ಗಂಡಸರ ಎದೆಯ ಆಪರೇಷನ್: ಫಲ ಸರಿಬರದಿದ್ದರೆ ಮುಂದೇನು?

ಹರೆಯದ ಹುಡುಗನ ಎದೆ ಉಬ್ಬಿ ಹೆಂಗಸರ ಸ್ತನದಂತೆ ಕಾಣುವುದು ಅಪರೂಪದ ತೊಂದರೆಯಲ್ಲ. ಆದರೆ ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಧೋಳದ ಹುಡುಗ ಗೆಳೆಯರ ಜೊತೆ ಘಟಪ್ರಭೆಗೆ ಈಜಲು ಹೋಗುವುದನ್ನು ಬಿಟ್ಟುಬಿಡುತ್ತಾನೆ. ಜಮಖಂಡಿಯ ಹುಡುಗ ತಾಲೀಮಿನಲ್ಲಿ ಅಂಗಿ ಬಿಚ್ಚಬೇಕಾಗುತ್ತದೆಂದು ಕುಸ್ತಿಯನ್ನೇ ಬಿಡುತ್ತಾನೆ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ, ಬೇಸಿಗೆಯ ಸೆಕೆಯಲ್ಲಿಯೂ, ಬಿಗಿಯಾದ ಎರಡು ಬನಿಯನ್ ಹಾಕಿಕೊಂಡು ದುಡಿಯುವವನೂ ಇರುತ್ತಾನೆ. ಕೊನೆಗೆ ಹೇಗೋ ದುಡ್ಡು ಹೊಂದಿಸಿಕೊಂಡು ದೂರದ ದೊಡ್ಡ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಬಹಳಷ್ಟು ಜನರಿಗೆ ಸಮಾಧಾನವಾಗುತ್ತದೆ. ಕೆಲವರಿಗೆ ಆಗುವುದಿಲ್ಲ.

"ಆಪರೇಷನ್ ಆಗಿ ನಾಕ ತಿಂಗಳಾತ್ರಿ ಸಾಹೇಬ್ರ, ಇನ್ನೂ ಹಂಗ ಐತ್ರಿ. ಒಂದ ಕಡೆ ಗುಂಡಿ ಬಿದ್ದೈತಿ, ಒಂದ ಕಡೆ ಗಂಟೈತಿ" ಎಂಬ ಮಾತು ವೈದ್ಯರ ಕಿವಿಗೆ ಆಗಾಗ ಬೀಳುತ್ತದೆ. ಹೀಗೆ ಹೇಳುವವರಲ್ಲಿ ಕೆಲವರು ಆಗಲೇ ಇನ್ನೊಂದು ಆಸ್ಪತ್ರೆಯಲ್ಲಿ ಎರಡನೆಯ ಆಪರೇಷನ್‌ಗೆ ಮುಂಗಡ ಹಣ ಕಟ್ಟಿರುತ್ತಾರೆ. ಇನ್ನು ಕೆಲವರು, "ನನ್ನ ಹಣೆಬರಹ ಇಷ್ಟೇ" ಎಂದು ಕೈಚೆಲ್ಲಿ ಕುಳಿತಿರುತ್ತಾರೆ. ಎರಡೂ ತಪ್ಪು. ಇಂಥ ದೋಷಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಆದರೆ ಅದಕ್ಕೆ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಆಪರೇಷನ್ ಆಗಿ ಎಷ್ಟು ದಿನವಾಯಿತು? ನಿಜವಾಗಿ ಕೆಟ್ಟಿರುವುದು ಏನು? ಅದು ಏಕೆ ಕೆಟ್ಟಿತು? ಈ ವಾರ ಇದನ್ನೇ ಕ್ರಮವಾಗಿ ತಿಳಿದುಕೊಳ್ಳೋಣ.

ಗ್ರಂಥಿಯೇ, ಕೊಬ್ಬೇ?

ಗಂಡಸರ ಎದೆಯಲ್ಲಿಯೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಸ್ತನಗ್ರಂಥಿ ಇರುತ್ತದೆ. ದೇಹದಲ್ಲಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಮತ್ತು ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಇವೆರಡರ ಸಮತೋಲ ತಪ್ಪಿದಾಗ ಈ ಗ್ರಂಥಿ ಬೆಳೆಯುತ್ತದೆ. ಇದಕ್ಕೆ ವೈದ್ಯಭಾಷೆಯಲ್ಲಿ ಗೈನೆಕೋಮಾಸ್ಟಿಯಾ ಎನ್ನುತ್ತಾರೆ. ಬೆರಳಿನಿಂದ ಒತ್ತಿ ನೋಡಿದರೆ ತೊಟ್ಟಿನ ಹಿಂದೆ ರಬ್ಬರಿನಂಥ ಬಿಲ್ಲೆ ಸಿಗುತ್ತದೆ. ಗ್ರಂಥಿ ಬೆಳೆಯದೆ ಬರಿಯ ಕೊಬ್ಬು ತುಂಬಿ ಎದೆ ದಪ್ಪವಾಗಿದ್ದರೆ ಅದು ಬೇರೆ. ಅದರಲ್ಲಿ ಇಂಥ ಬಿಲ್ಲೆ ಸಿಗುವುದಿಲ್ಲ, ತೂಕ ಇಳಿಸಿದರೆ ಅದೂ ಇಳಿಯುತ್ತದೆ. ಬಹಳ ಜನರಲ್ಲಿ ಎರಡೂ ಕೂಡಿಯೇ ಇರುತ್ತವೆ.

ನವಜಾತ ಶಿಶು, ಹರೆಯಕ್ಕೆ ಬರುವ ಹುಡುಗ ಮತ್ತು ವಯಸ್ಸಾದವರು, ಈ ಮೂರು ಕಾಲದಲ್ಲಿ ಗ್ರಂಥಿ ಸ್ವಲ್ಪ ಉಬ್ಬುವುದು ಸಹಜ. ಹರೆಯದ ಉಬ್ಬು ಸಾಮಾನ್ಯವಾಗಿ ಆರು ತಿಂಗಳಿನಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಹದಿಮೂರು ಹದಿನಾಲ್ಕು ವರ್ಷದ ಹುಡುಗನಿಗೆ ಆಪರೇಷನ್ ಮಾಡಿಸಲು ಅವಸರ ಮಾಡಬಾರದು. ಹರೆಯ ಮುಗಿಯುವ ಮೊದಲೇ ಮಾಡಿಸಿದರೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಎರಡು ವರ್ಷ ದಾಟಿಯೂ ಉಳಿದರೆ ಅಲ್ಲಿ ನಾರಿನಂಥ ಗಟ್ಟಿ ಅಂಶ ತುಂಬಿಕೊಂಡಿರುತ್ತದೆ. ಅದು ಮಾತ್ರೆಗೂ ವ್ಯಾಯಾಮಕ್ಕೂ ಕರಗುವುದಿಲ್ಲ.

ಆಪರೇಷನ್‌ನಲ್ಲಿ ಮಾಡುವುದೇನು?

ಈ ಶಸ್ತ್ರಚಿಕಿತ್ಸೆ ಹೊಸದಲ್ಲ. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪಾಲ್, ಗಂಡಸಿನ ಎದೆಯ ಕೆಳಗೆ ಅರ್ಧಚಂದ್ರಾಕಾರವಾಗಿ ಕೊಯ್ದು ಕೊಬ್ಬು ತೆಗೆಯುವ ವಿಧಾನವನ್ನು ಬರೆದಿಟ್ಟಿದ್ದಾನೆ. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿಯೇ ಕೊಯ್ದು ಕಲೆ ಕಾಣದಂತೆ ಗ್ರಂಥಿ ತೆಗೆಯುವ ಕ್ರಮವನ್ನು 1946ರಲ್ಲಿ ಅಮೆರಿಕದ ವೆಬ್‌ಸ್ಟರ್ ಪ್ರಚಾರಕ್ಕೆ ತಂದರು. ಉಬ್ಬಿನ ಗಾತ್ರ ಮತ್ತು ಚರ್ಮದ ಸಡಿಲಿಕೆಯನ್ನು ನೋಡಿ ದರ್ಜೆ ಹಾಕುವ ಪದ್ಧತಿಯನ್ನು 1973ರಲ್ಲಿ ಸೈಮನ್ ಮತ್ತು ಸಂಗಡಿಗರು ಕೊಟ್ಟರು. ಈಗಲೂ ಅದನ್ನು ಬಳಸುತ್ತಾರೆ.

ಇಂದು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಾರೆ. ಸಣ್ಣ ರಂಧ್ರದಿಂದ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಇದು ಲೈಪೊಸಕ್ಷನ್. ಗಟ್ಟಿ ಗ್ರಂಥಿ ಕೊಳವೆಗೆ ಬಾರದಿದ್ದರೆ ವರ್ತುಲದ ಅಂಚಿನಲ್ಲಿ ಕೊಯ್ದು ಅದನ್ನು ಕತ್ತರಿಸಿ ತೆಗೆಯುತ್ತಾರೆ. ಚರ್ಮ ಬಹಳ ಜೋತುಬಿದ್ದಿದ್ದರೆ ಹೆಚ್ಚಿನ ಚರ್ಮವನ್ನೂ ತೆಗೆಯಬೇಕಾಗುತ್ತದೆ.

ಒಂದು ಮಾತನ್ನು ಮುಖ್ಯವಾಗಿ ನೆನಪಿಡಿ. ನುರಿತ ಶಸ್ತ್ರವೈದ್ಯರು ತೊಟ್ಟಿನ ಹಿಂದೆ ತೆಳುವಾದ ಒಂದು ಪದರವನ್ನು ಬೇಕೆಂದೇ ಬಿಡುತ್ತಾರೆ. ಅದು ತೊಟ್ಟಿಗೆ ಆಸರೆ, ಅದರ ರಕ್ತ ಸಂಚಾರಕ್ಕೂ ಬೇಕು. ಆದ್ದರಿಂದ ಒತ್ತಿದಾಗ ಸ್ವಲ್ಪ ದಪ್ಪ ಸಿಕ್ಕರೆ, "ಅರ್ಧ ತೆಗೆದು ಅರ್ಧ ಬಿಟ್ಟಿದ್ದಾರೆ" ಎಂದು ಹೇಳಲಾಗದು.

ಮೊದಲ ಪ್ರಶ್ನೆ: ಎಷ್ಟು ದಿನವಾಯಿತು?

ಆಪರೇಷನ್ ಆದ ಮರುದಿನವೇ ಎದೆ ಸಪಾಟಾಗಿ ಕಾಣಬೇಕೆಂಬುದು ಎಲ್ಲರ ಆಸೆ. ದೇಹ ಮಾಯುವ ಕ್ರಮ ಬೇರೆ. ಮೊದಲ ಎರಡು ಮೂರು ವಾರ ಬಾವು, ಹಸಿರು-ನೀಲಿ ಕಂದು ಇರುತ್ತವೆ. ಎರಡನೆಯ ತಿಂಗಳಿನ ಹೊತ್ತಿಗೆ ಒಳಗಿನ ಗಾಯ ಗಟ್ಟಿಯಾಗಿ ಗಂಟುಗಂಟಾಗಿ ಕೈಗೆ ಸಿಗುತ್ತದೆ. ಅನೇಕರು ಹೆದರುವುದು ಈ ಹಂತದಲ್ಲಿಯೇ. ಮೂರರಿಂದ ಆರು ತಿಂಗಳಲ್ಲಿ ಈ ಗಟ್ಟಿತನ ಮೆತ್ತಗಾಗುತ್ತದೆ. ಚರ್ಮ ಕುಗ್ಗಿ ಎದೆಗೆ ಅಂಟಿಕೊಳ್ಳಲು ಆರು ತಿಂಗಳಿನಿಂದ ಒಂದು ವರ್ಷ ಬೇಕು. ಕಲೆಯ ಬಣ್ಣ ತಿಳಿಯಾಗಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷವೂ ಹಿಡಿಯಬಹುದು.

ಆದ್ದರಿಂದ ನಾಲ್ಕನೆಯ ತಿಂಗಳಿನಲ್ಲಿ ಕನ್ನಡಿ ನೋಡಿ ತೀರ್ಪು ಕೊಡುವುದು, ರಾಶಿಯಾಗುವ ಮೊದಲೇ ಬೆಳೆಯ ಲೆಕ್ಕ ಹಾಕಿದಂತೆ. ಸಾಮಾನ್ಯ ನಿಯಮ ಇಷ್ಟು: ಎರಡನೆಯ ಆಪರೇಷನ್ ಬೇಕೇ ಬೇಡವೇ ಎಂಬುದನ್ನು ಕನಿಷ್ಠ ಆರು ತಿಂಗಳ ನಂತರ ನಿರ್ಧರಿಸಬೇಕು. ಚರ್ಮದ ಸಡಿಲಿಕೆಯ ವಿಚಾರವಾದರೆ ಒಂದು ವರ್ಷ ಕಾಯುವುದು ಒಳ್ಳೆಯದು. ಗಾಯ ಮಾಯುತ್ತಿರುವ ಅಂಗಾಂಶವನ್ನು ಮತ್ತೆ ಕೊಯ್ದರೆ ರಕ್ತಸ್ರಾವ ಹೆಚ್ಚು, ಕಲೆಯೂ ಹೆಚ್ಚು.

ಆದರೆ ಕಾಯಲೇಬಾರದ ಸಂದರ್ಭಗಳೂ ಇವೆ:

* ಆಪರೇಷನ್ ಆದ ಮೊದಲ ಒಂದೆರಡು ದಿನಗಳಲ್ಲಿ ಒಂದು ಬದಿ ಇದ್ದಕ್ಕಿದ್ದಂತೆ ಬಿಗಿದು ಉಬ್ಬಿ, ವಿಪರೀತ ನೋವಾಗುವುದು. ಒಳಗೆ ರಕ್ತ ಕಟ್ಟಿರಬಹುದು. ಕೆಲವೊಮ್ಮೆ ಆ ರಾತ್ರಿಯೇ ಬಿಚ್ಚಿ ತೆಗೆಯಬೇಕಾಗುತ್ತದೆ.
* ಜ್ವರ, ಕೆಂಪು, ಬಿಸಿ, ಕೀವು. ಇವು ಸೋಂಕಿನ ಲಕ್ಷಣಗಳು.
* ತೊಟ್ಟಿನ ಬಣ್ಣ ಕಡುನೀಲಿ ಅಥವಾ ಕಪ್ಪಾಗುತ್ತ ಹೋಗುವುದು. ರಕ್ತ ಸಂಚಾರ ಕಡಿಮೆಯಾಗಿರಬಹುದು.
* ಮೀನಖಂಡದಲ್ಲಿ ಬಾವು ಮತ್ತು ನೋವು, ಏಕಾಏಕಿ ಉಸಿರುಕಟ್ಟುವುದು, ಎದೆನೋವು. ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಬೆಂಗಳೂರಿನಲ್ಲೋ ಪುಣೆಯಲ್ಲೋ ಆಪರೇಷನ್ ಮಾಡಿಸಿಕೊಂಡು ಅದೇ ರಾತ್ರಿ ಬಸ್ಸು ಹತ್ತಿ ಊರಿಗೆ ಬರುವವರಿದ್ದಾರೆ. ಹಾಗೆ ಮಾಡಬೇಡಿ. ರಕ್ತ ಕಟ್ಟುವ ಅಪಾಯವಿರುವ ಮೊದಲ ಎರಡು ದಿನ ಆಸ್ಪತ್ರೆಯ ಊರಿನಲ್ಲಿಯೇ ಉಳಿಯಿರಿ.

ಕೆಲವರಿಗೆ ಮೊದಲ ವಾರಗಳಲ್ಲಿ ಎದೆಯೊಳಗೆ ತಿಳಿನೀರು ತುಂಬಿ, ನೀರಿನ ಚೀಲದಂತೆ ಅಲುಗುತ್ತದೆ. ಇದಕ್ಕೆ ಗಾಬರಿ ಬೇಡ. ಸೂಜಿಯಿಂದ ನೀರು ತೆಗೆದು ಬಿಗಿಯಾಗಿ ಪಟ್ಟಿ ಕಟ್ಟಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಆದರೆ ಹಾಗೆಯೇ ಬಿಟ್ಟರೆ ಆ ಜಾಗ ಗಟ್ಟಿಯಾಗಿ ಮುಂದೆ ಗಂಟಾಗಿ ಉಳಿಯಬಹುದು. ಆದ್ದರಿಂದ ತೋರಿಸಿಕೊಳ್ಳಬೇಕು.

ಎರಡನೆಯ ಪ್ರಶ್ನೆ: ಕೆಟ್ಟಿರುವುದು ಏನು?

ಕಾಲಾವಧಿ ಮುಗಿದ ನಂತರವೂ ಸಮಾಧಾನವಿಲ್ಲವೆಂದರೆ ದೋಷ ಯಾವುದೆಂದು ಸ್ಪಷ್ಟವಾಗಿ ಗುರುತಿಸಬೇಕು. ಒಂದೊಂದಕ್ಕೆ ಒಂದೊಂದು ಪರಿಹಾರ.

1. ಗ್ರಂಥಿ ಉಳಿದುಕೊಳ್ಳುವುದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೂರು ಇದು. ಬರಿಯ ಲೈಪೊಸಕ್ಷನ್ ಮಾಡಿ ಗಟ್ಟಿ ಗ್ರಂಥಿಯನ್ನು ಹಾಗೆಯೇ ಬಿಟ್ಟಾಗ ಸುತ್ತಲಿನ ಕೊಬ್ಬು ಇಳಿದು ತೊಟ್ಟು ಮಾತ್ರ ಮುಂದೆ ಚೂಪಾಗಿ ಕಾಣುತ್ತದೆ. ಬನಿಯನ್ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ. ಅದು ಉಳಿದ ಗ್ರಂಥಿಯೋ, ಒಳಗಾಯದ ಗಟ್ಟಿತನವೋ ಎಂಬುದನ್ನು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ತಿಳಿಯಬಹುದು. ಗ್ರಂಥಿಯೇ ಆಗಿದ್ದರೆ ಹಳೆಯ ಕಲೆಯ ಜಾಗದಲ್ಲಿಯೇ ಕೊಯ್ದು ತೆಗೆಯುತ್ತಾರೆ. ಸರಿಪಡಿಸಲು ಇರುವ ದೋಷಗಳಲ್ಲಿ ಸುಲಭವಾದದ್ದು ಇದೇ.

2. ತೊಟ್ಟಿನ ಕೆಳಗೆ ಗುಳಿ ಬೀಳುವುದು. ಇದು ಮೊದಲಿನದಕ್ಕೆ ವಿರುದ್ಧ. ಎಲ್ಲವನ್ನೂ ಬುಡಸಮೇತ ತೆಗೆದಾಗ ತೊಟ್ಟು ಒಳಕ್ಕೆ ಕುಸಿದು ಎದೆಯ ಮಾಂಸಖಂಡಕ್ಕೆ ಅಂಟಿಕೊಳ್ಳುತ್ತದೆ. ತಟ್ಟೆಯಂತೆ ತಗ್ಗು ಕಾಣುತ್ತದೆ. ಕೈ ಮೇಲೆತ್ತಿದಾಗ ತೊಟ್ಟು ಒಳಕ್ಕೆ ಸೆಳೆದಂತಾಗುತ್ತದೆ. "ಒಂದು ಚೂರೂ ಬಿಡದೆ ತೆಗೆದುಬಿಡಿ" ಎಂದು ರೋಗಿಗಳೇ ಒತ್ತಾಯ ಮಾಡುವುದುಂಟು. ಅದರ ಫಲ ಕೆಲವೊಮ್ಮೆ ಹೀಗಾಗುತ್ತದೆ. ತೆಗೆದದ್ದನ್ನು ಮತ್ತೆ ತುಂಬುವುದು ಕಷ್ಟ, ಆದರೆ ಅಸಾಧ್ಯವಲ್ಲ. ಅಂಟಿಕೊಂಡ ಭಾಗವನ್ನು ಬಿಡಿಸಿ, ಹೊಟ್ಟೆ ಅಥವಾ ತೊಡೆಯಿಂದ ರೋಗಿಯ ಸ್ವಂತ ಕೊಬ್ಬನ್ನೇ ಹೀರಿ ತೆಗೆದು ಅಲ್ಲಿ ತುಂಬುತ್ತಾರೆ. ಇಲ್ಲವೇ ಪಕ್ಕದ ಕೊಬ್ಬಿನ ಪದರವನ್ನು ಸರಿಸಿ ತಗ್ಗಿಗೆ ತರುತ್ತಾರೆ. ತುಂಬಿದ ಕೊಬ್ಬಿನಲ್ಲಿ ಒಂದು ಭಾಗ ಮುಂದಿನ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಎರಡು ಸಲ ತುಂಬಬೇಕಾಗಬಹುದು. ಇದನ್ನು ವೈದ್ಯರು ಮೊದಲೇ ಹೇಳಬೇಕು, ನೀವೂ ಕೇಳಬೇಕು.

3. ಚರ್ಮ ಜೋತುಬೀಳುವುದು. ಬಹಳ ದಪ್ಪವಿದ್ದು ತೂಕ ಇಳಿಸಿದವರಲ್ಲಿ, ನಡುವಯಸ್ಸಿನವರಲ್ಲಿ ಇದು ಹೆಚ್ಚು. ಎಳೆಯ ವಯಸ್ಸಿನ ಚರ್ಮ ಚೆನ್ನಾಗಿ ಕುಗ್ಗುತ್ತದೆ, ಅದಕ್ಕೇ ಕಾಯಬೇಕೆಂದು ಹೇಳಿದ್ದು. ಒಂದು ವರ್ಷದ ಮೇಲೂ ಜೋತಿದ್ದರೆ ವರ್ತುಲದ ಸುತ್ತ ಉಂಗುರದಾಕಾರದಲ್ಲಿ ಚರ್ಮ ತೆಗೆದು ಹೊಲಿಯುತ್ತಾರೆ. ಬಹಳ ಜೋತಿದ್ದರೆ ಎದೆಯ ಕೆಳಗೆ ಉದ್ದದ ಕೊಯ್ತ ಬೇಕು. ಅಲ್ಲಿ ಕಲೆ ಉಳಿಯುತ್ತದೆ. ಚರ್ಮ ಜೋತಿರುವುದು ವಾಸಿಯೋ, ಕಲೆ ವಾಸಿಯೋ ಎಂಬುದನ್ನು ರೋಗಿಯೇ ತೀರ್ಮಾನಿಸಬೇಕು.

4. ಎರಡೂ ಬದಿ ಸಮನಾಗಿರದಿರುವುದು. ನಮ್ಮ ಎರಡು ಕೈ, ಎರಡು ಕಿವಿ ಕೂಡ ತಕ್ಕಡಿಯಲ್ಲಿ ತೂಗಿದಂತೆ ಸಮನಾಗಿಲ್ಲ. ಬಲಗೈಯಿಂದ ಹೆಚ್ಚು ದುಡಿಯುವವರ ಬಲ ಎದೆಯ ಮಾಂಸಖಂಡ ದಪ್ಪವಾಗಿಯೇ ಇರುತ್ತದೆ. ಅಲ್ಪಸ್ವಲ್ಪ ವ್ಯತ್ಯಾಸವನ್ನು ದೋಷವೆನ್ನಬಾರದು. ಅಂಗಿಯ ಮೇಲಿನಿಂದಲೇ ಕಾಣುವಷ್ಟು ವ್ಯತ್ಯಾಸವಿದ್ದರೆ ಹೆಚ್ಚಿರುವ ಬದಿಯಲ್ಲಿ ತೆಗೆಯುವುದು ಅಥವಾ ತಗ್ಗಿರುವ ಬದಿಯಲ್ಲಿ ತುಂಬುವುದು ಪರಿಹಾರ. ಈ ಕಾರಣಕ್ಕೆ ಆಪರೇಷನ್‌ಗೆ ಮೊದಲಿನ ಫೋಟೋಗಳು ಬಹಳ ಮುಖ್ಯ. ವ್ಯತ್ಯಾಸ ಮೊದಲೇ ಇತ್ತೇ ಎಂಬುದು ಅವುಗಳಿಂದ ತಿಳಿಯುತ್ತದೆ.

5. ಕಲೆ ಉಬ್ಬುವುದು. ನಮ್ಮ ಕಡೆಯವರ ಬಣ್ಣದ ಚರ್ಮದಲ್ಲಿ, ಅದರಲ್ಲೂ ಎದೆಯ ಭಾಗದಲ್ಲಿ, ಕಲೆ ಉಬ್ಬಿ ಕೀಲಾಯ್ಡ್ ಆಗುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದಾಗ ಅಥವಾ ಹಳೆಯ ಗಾಯದ ಜಾಗದಲ್ಲಿ ಗಂಟು ಬಂದವರು ಅದನ್ನು ಆಪರೇಷನ್‌ಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಉಬ್ಬಿದ ಕಲೆಗೆ ಸಿಲಿಕಾನ್ ಜೆಲ್ ಅಥವಾ ಹಾಳೆ, ಕಲೆಯೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಉಪಯೋಗಕ್ಕೆ ಬರುತ್ತವೆ. ಕೀಲಾಯ್ಡನ್ನು ಬರಿದೆ ಕೊಯ್ದು ತೆಗೆದರೆ ಅದು ಮೊದಲಿಗಿಂತ ದೊಡ್ಡದಾಗಿ ಬರಬಹುದು. ಅರಿಶಿಣ, ಸುಣ್ಣ, ಯಾರೋ ಹೇಳಿದ ಎಣ್ಣೆ ಹಚ್ಚಿ ಹಸಿ ಗಾಯವನ್ನು ಕೆಡಿಸಿಕೊಳ್ಳಬೇಡಿ.

6. ಸ್ಪರ್ಶ ತಿಳಿಯದಿರುವುದು. ತೊಟ್ಟಿನ ಸುತ್ತ ಜೋಮು ಹಿಡಿದಂತಿರುವುದು ಸಾಮಾನ್ಯ. ಸಣ್ಣ ನರಗಳು ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಬಹುತೇಕರಲ್ಲಿ ಒಂದು ವರ್ಷದೊಳಗೆ ಸುಧಾರಿಸುತ್ತದೆ, ಕೆಲವರಲ್ಲಿ ಸ್ವಲ್ಪ ಕೊರತೆ ಉಳಿಯುತ್ತದೆ. ಇದಕ್ಕಾಗಿ ಮತ್ತೆ ಆಪರೇಷನ್ ಮಾಡುವುದಿಲ್ಲ.

ಮೂರನೆಯ ಪ್ರಶ್ನೆ: ಏಕೆ ಕೆಟ್ಟಿತು?

ಮೊದಲು ಚೆನ್ನಾಗಿಯೇ ಇದ್ದು, ಒಂದೆರಡು ವರ್ಷದಲ್ಲಿ ಎದೆ ಮತ್ತೆ ಉಬ್ಬಿದರೆ ದೋಷ ಕತ್ತರಿಯಲ್ಲಿಲ್ಲ, ದೇಹದೊಳಗಿದೆ. ಕಾರಣ ಹುಡುಕದೆ ಮತ್ತೆ ಕೊಯ್ಸಿಕೊಳ್ಳುವುದು, ನಲ್ಲಿ ಬಂದ್ ಮಾಡದೆ ನೆಲ ಒರೆಸಿದಂತೆ.

ಮೊದಲನೆಯ ಕಾರಣ ತೂಕ. ಆಪರೇಷನ್ ನಂತರ ಎಂಟು ಹತ್ತು ಕಿಲೋ ಏರಿದರೆ ಎದೆಯಲ್ಲಿಯೂ ಕೊಬ್ಬು ತುಂಬುತ್ತದೆ.

ಎರಡನೆಯದು ಶರೀರ ಬೆಳೆಸುವ ಇಂಜೆಕ್ಷನ್. ನಮ್ಮ ಸೀಮೆಯಲ್ಲಿ ಕುಸ್ತಿಯ ಪರಂಪರೆ ದೊಡ್ಡದು. ಹಾಲು, ಬಾದಾಮಿ, ತುಪ್ಪ ತಿಂದು ಸಾಮು ಮಾಡಿ ಮೈ ಬೆಳೆಸಿದ ಹಳೆಯ ಪೈಲ್ವಾನರಿಗೆ ಇಂಜೆಕ್ಷನ್ ಗೊತ್ತಿರಲಿಲ್ಲ. ಈಗ ಜಿಮ್ಮಿಗೆ ಹೋಗುವ ಕೆಲವು ಹುಡುಗರು ಮೂರು ತಿಂಗಳಲ್ಲಿ ಮೈ ಕಟ್ಟಬೇಕೆಂದು ಗಂಡು ಹಾರ್ಮೋನಿನಂಥ ಸ್ಟಿರಾಯ್ಡುಗಳನ್ನು ಚುಚ್ಚಿಸಿಕೊಳ್ಳುತ್ತಾರೆ. ದೇಹ ಈ ಹಾರ್ಮೋನಿನ ಒಂದು ಭಾಗವನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ. ಆಗ ಎದೆಯ ಗ್ರಂಥಿ ಬೆಳೆಯುತ್ತದೆ. ವೃಷಣಗಳು ಕುಗ್ಗಿ ಮಕ್ಕಳಾಗುವ ಶಕ್ತಿಯೂ ಕುಂದಬಹುದು. ಆಪರೇಷನ್ ಆದ ಮೇಲೆ ಮತ್ತೆ ಅದೇ ಇಂಜೆಕ್ಷನ್ ಹಿಡಿದರೆ, ಉಳಿದ ತೆಳು ಪದರವೇ ಮತ್ತೆ ಬೆಳೆಯಬಹುದು. ಹೆಸರು, ಪರವಾನಗಿ ಇಲ್ಲದ ಡಬ್ಬಿಗಳ ಪುಡಿಗಳಲ್ಲಿಯೂ ಇಂಥ ವಸ್ತುಗಳನ್ನು ಬೆರೆಸಿರುವುದುಂಟು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಮುಚ್ಚಿಡದೆ ವೈದ್ಯರಿಗೆ ಹೇಳಿ. ಅವರು ನಿಮ್ಮನ್ನು ಬೈಯಲು ಕುಳಿತವರಲ್ಲ.

ಮೂರನೆಯದು ಬೇರೆ ರೋಗಗಳ ಔಷಧಿ. ಹೃದಯ ಮತ್ತು ಯಕೃತ್ತಿನ ರೋಗಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಕ್ಷಯರೋಗದ ಐಸೋನಿಯಾಜಿಡ್, ಮಾನಸಿಕ ರೋಗದ ರಿಸ್ಪೆರಿಡೋನ್, ಪ್ರಾಸ್ಟೇಟ್ ತೊಂದರೆಗೂ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟೆರೈಡ್ ಮೊದಲಾದವು ಕೆಲವರಲ್ಲಿ ಎದೆ ಉಬ್ಬಿಸುತ್ತವೆ. ಇದನ್ನು ಓದಿ ಯಾರೂ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಕ್ಷಯದ ಔಷಧಿ ಅರ್ಧಕ್ಕೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬದಲಿ ಔಷಧಿ ಇದೆಯೇ ಎಂದು ಕೊಟ್ಟ ವೈದ್ಯರನ್ನೇ ಕೇಳಿ.

ನಾಲ್ಕನೆಯದು ಒಳರೋಗಗಳು. ಸಾರಾಯಿಯಿಂದ ಯಕೃತ್ತು ಕೆಟ್ಟಿರುವುದು, ಥೈರಾಯ್ಡ್ ಹೆಚ್ಚಾಗಿರುವುದು, ಮೂತ್ರಪಿಂಡದ ವೈಫಲ್ಯ, ವೃಷಣದ ಗಡ್ಡೆ ಇವುಗಳಲ್ಲಿ ಎದೆಯ ಉಬ್ಬು ಒಂದು ಲಕ್ಷಣವಾಗಿ ಬರುತ್ತದೆ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಿರುತ್ತದೆ. ಇದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಎತ್ತರದ ಮೈಕಟ್ಟು, ಸಣ್ಣ ವೃಷಣಗಳು, ಕಡಿಮೆ ಗಡ್ಡಮೀಸೆ ಇದರ ಗುರುತುಗಳು. ಮದುವೆಯಾಗಿ ಮಕ್ಕಳಾಗದಿದ್ದಾಗ ಮಾತ್ರ ಇದು ಪತ್ತೆಯಾಗುವುದುಂಟು.

ಆದ್ದರಿಂದ ಎರಡನೆಯ ಆಪರೇಷನ್‌ಗೆ ಮೊದಲು ವೃಷಣಗಳ ತಪಾಸಣೆ, ಯಕೃತ್ತು, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ, ಅಗತ್ಯವಿದ್ದರೆ ಟೆಸ್ಟೋಸ್ಟಿರೋನ್, ಈಸ್ಟ್ರಡಯೋಲ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಎಚ್‌ಸಿಜಿ ಪರೀಕ್ಷೆಗಳನ್ನು ಮಾಡಿಸಬೇಕು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಿಮ್ಮ ಊರಿನ ವೈದ್ಯರೇ ಹೇಳಬಲ್ಲರು.

ಇನ್ನೊಂದು ಎಚ್ಚರಿಕೆ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಅದು ಸುಮಾರು ಶೇಕಡಾ 1ರಷ್ಟು. ಒಂದೇ ಬದಿಯಲ್ಲಿ ಕಲ್ಲಿನಂಥ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಸೆಳೆದುಕೊಳ್ಳುವುದು, ಕಂಕುಳಲ್ಲಿ ಗಡ್ಡೆ ಇವು ಕಂಡರೆ ಕಾಯಬೇಡಿ. ಮೊದಲ ಆಪರೇಷನ್‌ನಲ್ಲಿ ತೆಗೆದ ಗ್ರಂಥಿಯನ್ನು ಪ್ರಯೋಗಶಾಲೆಗೆ ಕಳಿಸಿದ್ದರೇ, ಅದರ ವರದಿ ಏನಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಯಾರನ್ನು ಕಾಣಬೇಕು?

ಮೊದಲು ಆಪರೇಷನ್ ಮಾಡಿದ ವೈದ್ಯರನ್ನೇ ಕಾಣಿ. ಒಳಗೆ ಏನು ಮಾಡಿದ್ದಾರೆ, ಎಷ್ಟು ತೆಗೆದಿದ್ದಾರೆ ಎಂಬುದು ಅವರಿಗೇ ಗೊತ್ತು. ಸಿಟ್ಟಿನಿಂದ ಹೋಗಬೇಡಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಅವರ ಉತ್ತರದಿಂದ ಸಮಾಧಾನವಾಗದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು.

ಎರಡನೆಯ ಆಪರೇಷನ್ ಮೊದಲಿನದಕ್ಕಿಂತ ಕಷ್ಟದ್ದು. ಒಳಗಿನ ಪದರಗಳು ಅಂಟಿಕೊಂಡಿರುತ್ತವೆ, ತೊಟ್ಟಿನ ರಕ್ತ ಸಂಚಾರ ಒಮ್ಮೆ ಕಡಿಮೆಯಾಗಿರುತ್ತದೆ. ಆದ್ದರಿಂದ ಇದನ್ನು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಪಡೆದವರಿಂದ, ಇಂಥ ತಿದ್ದುಪಡಿಗಳನ್ನು ಮಾಡಿ ಅನುಭವವಿರುವವರಿಂದ ಮಾಡಿಸಬೇಕು. ಮೊಬೈಲ್‌ನಲ್ಲಿ ಬರುವ "ಒಂದೇ ದಿನದಲ್ಲಿ, ಕಲೆಯಿಲ್ಲದೆ" ಎಂಬ ಜಾಹೀರಾತನ್ನು ನೋಡಿ ಮುಂಗಡ ಕಟ್ಟಬೇಡಿ. ಕಲೆಯಿಲ್ಲದ ಕೊಯ್ತ ಎಂಬುದಿಲ್ಲ. ಇರುವುದು ಕಡಿಮೆ ಕಾಣುವ ಕಲೆ ಮಾತ್ರ.

ನಮ್ಮ ಭಾಗದವರು ಮಿರಜ, ಸಾಂಗಲಿಗಳಿಗೆ ಆಸ್ಪತ್ರೆಗಾಗಿ ಹೋಗುವುದು ಹಿರಿಯರ ಕಾಲದಿಂದ ಬಂದ ರೂಢಿ. ಡಾ. ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದ್ದು 1894ರಲ್ಲಿ. ಈಗ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಪ್ಲಾಸ್ಟಿಕ್ ಸರ್ಜನ್ ಯಾವ ದಿನ ಸಿಗುತ್ತಾರೆಂದು ಫೋನ್ ಮಾಡಿ ಕೇಳಿಕೊಂಡು ಹೊರಡಿ, ಬಸ್ ಚಾರ್ಜು ಉಳಿಯುತ್ತದೆ.

ಹೋಗುವಾಗ ಡಿಸ್ಚಾರ್ಜ್ ಕಾಗದ, ಆಪರೇಷನ್ ಟಿಪ್ಪಣಿ, ಗ್ರಂಥಿಯ ಪರೀಕ್ಷಾ ವರದಿ, ಮೊದಲಿನ ಫೋಟೋಗಳನ್ನು ಒಯ್ಯಿರಿ. ಕಾಗದ ಕೊಡಲಿಲ್ಲವೆಂದು ಹಲವರು ಸುಮ್ಮನಾಗುತ್ತಾರೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಬರವಣಿಗೆಯಲ್ಲಿ ಕೇಳಿ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಆದರೆ ಫಲ ಮನಸ್ಸಿಗೆ ಬಾರದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಮೊದಲೇ ವಿವರಿಸಿದ್ದ ತೊಡಕು ಬೇರೆ, ಅಜಾಗರೂಕತೆ ಬೇರೆ.

ಎರಡನೆಯ ಸಲದ ಸಿದ್ಧತೆ

ಬೀಡಿ, ಸಿಗರೇಟು, ಗುಟ್ಕಾ, ತಂಬಾಕನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲೇ ರಕ್ತ ಸಂಚಾರ ಕಡಿಮೆಯಾದ ತೊಟ್ಟಿಗೆ ಇದು ಬಹಳ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಯಲ್ಲಿರಬೇಕು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೇಳಬೇಕು.

ಆಪರೇಷನ್ ನಂತರ ಬಿಗಿ ಬನಿಯನ್‌ನಂಥ ಒತ್ತಡದ ಉಡುಪನ್ನು ನಾಲ್ಕರಿಂದ ಆರು ವಾರ ಹಾಕಬೇಕಾಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಅದನ್ನು ತಾಳಿಕೊಳ್ಳಲಾಗದೆ ಹತ್ತೇ ದಿನಕ್ಕೆ ಕಿತ್ತೆಸೆಯುವವರಿದ್ದಾರೆ. ಆಗ ಒಳಗೆ ನೀರು ತುಂಬಿ, ಚರ್ಮ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಚಳಿಗಾಲ ಒಳ್ಳೆಯದು, ಆದರೆ ಕಬ್ಬಿನ ಹಂಗಾಮು ಬರುವುದೂ ಆಗಲೇ. ಭಾರ ಎತ್ತುವ ಕೆಲಸವನ್ನು ಆರು ವಾರ ಮಾಡುವಂತಿಲ್ಲ. ಆದ್ದರಿಂದ ಹೊಲ, ಕಾರ್ಖಾನೆ, ಮಗ್ಗಗಳಲ್ಲಿ ದುಡಿಯುವವರು ಮಳೆಗಾಲದ ಬಿಡುವನ್ನು ನೋಡಿ ದಿನ ಗೊತ್ತುಮಾಡಿಕೊಳ್ಳುವುದು ಜಾಣತನ. ಉಡುಪು ಎರಡು ಜೊತೆ ಇರಲಿ, ಒಂದು ಒಗೆದಾಗ ಇನ್ನೊಂದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಉಳಿದ ಗ್ರಂಥಿಯನ್ನು ಮಾತ್ರೆಯಿಂದ ಕರಗಿಸಬಹುದೇ?
ಉತ್ತರ: ಟಮಾಕ್ಸಿಫೆನ್‌ನಂಥ ಮಾತ್ರೆಯನ್ನು ತಜ್ಞರು ಕೆಲವೊಮ್ಮೆ ಕೊಡುತ್ತಾರೆ. ಅದು ಹೊಸದಾಗಿ ಬೆಳೆಯುತ್ತಿರುವ, ನೋವಿರುವ ಗ್ರಂಥಿಗೆ ಮಾತ್ರ ಸ್ವಲ್ಪ ಉಪಯೋಗ. ಹಳೆಯ ಗಟ್ಟಿ ಗ್ರಂಥಿ ಅದಕ್ಕೆ ಕರಗುವುದಿಲ್ಲ. ಅಂಗಡಿಯಿಂದ ತಾವಾಗಿ ತಂದು ನುಂಗಬಾರದು.

ಪ್ರಶ್ನೆ: ದಂಡ ಹೊಡೆದರೆ ಗುಳಿ ತುಂಬಿಕೊಳ್ಳುತ್ತದೆಯೇ?
ಉತ್ತರ: ಇಲ್ಲ. ವ್ಯಾಯಾಮದಿಂದ ಮಾಂಸಖಂಡ ಬೆಳೆಯುತ್ತದೆ. ಅಂಟಿಕೊಂಡ ತೊಟ್ಟು ಬಿಡಿಸಿಕೊಳ್ಳುವುದಿಲ್ಲ. ಸುತ್ತಲಿನ ಭಾಗ ಬೆಳೆದು ಗುಳಿ ಇನ್ನೂ ಎದ್ದು ಕಾಣಲೂಬಹುದು.

ಪ್ರಶ್ನೆ: ಮಗನ ಮದುವೆ ಎರಡು ತಿಂಗಳಿದೆ. ಅಷ್ಟರಲ್ಲಿ ಸರಿಮಾಡಿಸಬಹುದೇ?
ಉತ್ತರ: ಬೇಡ. ಎರಡು ತಿಂಗಳಲ್ಲಿ ಬಾವು, ಕಂದು, ಗಟ್ಟಿತನ ಇಳಿದಿರುವುದಿಲ್ಲ. ಮದುವೆ ಮುಗಿಯಲಿ, ಆಮೇಲೆ ನಿಧಾನವಾಗಿ ವಿಚಾರ ಮಾಡಿ. ಈ ಉಬ್ಬು ಒಂದೇ ಇದ್ದರೆ ಸಂಸಾರಕ್ಕೆ ಅಡ್ಡಿಯಿಲ್ಲ, ಗಂಡಸುತನಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆದರೆ ಹಾರ್ಮೋನಿನ ದೋಷದ ಲಕ್ಷಣಗಳಿದ್ದರೆ ಮದುವೆಗೆ ಮೊದಲೇ ಪರೀಕ್ಷೆಯಾಗಲಿ.

ಪ್ರಶ್ನೆ: ಸ್ವಲ್ಪವೇ ದೋಷ ಉಳಿದಿದೆ. ಮತ್ತೆ ಮಾಡಿಸಲೇಬೇಕೇ?
ಉತ್ತರ: ಮಾಡಿಸಲೇಬೇಕೆಂದಿಲ್ಲ. ನಾಲ್ಕಡಿ ದೂರದಿಂದ ಬೇರೆಯವರಿಗೆ ಕಾಣದ ದೋಷಕ್ಕೆ ಇನ್ನೊಮ್ಮೆ ಕೊಯ್ಸಿಕೊಳ್ಳುವುದರಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು. ಎಷ್ಟು ಸರಿಯಾದರೂ ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ನಿಲ್ಲುವವರಿಗೆ ಮನೋವೈದ್ಯರ ಸಲಹೆಯಿಂದ ಹೆಚ್ಚು ನೆಮ್ಮದಿ ಸಿಗುತ್ತದೆ.

ಮನೆಯವರಿಗೆ ಒಂದು ಮಾತು

ಮಗ ಇದ್ದಕ್ಕಿದ್ದಂತೆ ಶಾಲೆಯ ಆಟಕ್ಕೆ ಹೋಗುವುದನ್ನು ಬಿಟ್ಟರೆ, ಸದಾ ಬೆನ್ನು ಬಾಗಿಸಿ ನಡೆದರೆ, ಮನೆಯಲ್ಲಿಯೂ ಅಂಗಿ ಬಿಚ್ಚದಿದ್ದರೆ, ತಂದೆಯಾದವರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ. ಅಣ್ಣತಮ್ಮಂದಿರ ಎದುರು, ನೆಂಟರ ಎದುರು ನಗೆಯಾಡಬೇಡಿ. ಹುಡುಗರು ಸಾಲ ಮಾಡಿ, ಮನೆಯವರಿಗೆ ತಿಳಿಸದೆ, ಎಲ್ಲೋ ಹೋಗಿ ಕೊಯ್ಸಿಕೊಂಡು ಬರುವುದು ಈ ನಗೆಗೆ ಹೆದರಿಯೇ. ಕೆಟ್ಟಾಗಲೂ ಹೇಳದೆ ಇರುವುದು ಅದೇ ಕಾರಣಕ್ಕೆ. ಮೊದಲ ರಾತ್ರಿ ಎದೆ ಬಿಗಿದು ಉಬ್ಬಿದಾಗ ಒಬ್ಬನೇ ಲಾಡ್ಜಿನಲ್ಲಿ ಮಲಗಿರುವ ಹುಡುಗನ ಜೊತೆಗೆ ಮನೆಯವರೊಬ್ಬರು ಇದ್ದರೆ, ಮುಂದಿನ ಎಷ್ಟೋ ತೊಂದರೆಗಳು ತಪ್ಪುತ್ತವೆ.

ಒಟ್ಟಿನಲ್ಲಿ, ಅಪಾಯದ ಲಕ್ಷಣಗಳಿದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ, ಇಲ್ಲದಿದ್ದರೆ ಆರು ತಿಂಗಳು ತಾಳಿ. ಆಮೇಲೆ ದೋಷವನ್ನು ಗುರುತಿಸಿ, ಕಾರಣವನ್ನು ಹುಡುಕಿಸಿ, ಕಾಗದಪತ್ರ ಕೂಡಿಸಿಕೊಂಡು ಸರಿಯಾದ ತಜ್ಞರನ್ನು ಕಾಣಿ. ಈ ಕ್ರಮದಲ್ಲಿ ಹೋದವರಲ್ಲಿ ಕೆಲವರಿಗೆ ಎರಡನೆಯ ಆಪರೇಷನ್ ಬೇಕಾಗುವುದೇ ಇಲ್ಲ. ಬೇಕಾದವರಿಗೆ ಅದೇ ಕೊನೆಯದಾಗುವ ಸಂಭವ ಹೆಚ್ಚು.